ಎಂಟ್ರಿ ಪುಸ್ತಕ

ಇನ್ನೂರು ಪುಟ, ನೀಲಿ ರಟ್ಟು,
ಚಾಮರಾಜಪೇಟೆಯ ಅಂಗಡಿಯದು.
ಮೊದಲ ಹಾಳೆಯಲ್ಲಿ ನನ್ನದೇ ಅಕ್ಷರ:
ಬಾತಿ ಗುಡ್ಡದ ಬುಡ, ಮೆಕ್ಕೆಜೋಳ ಕೊಯ್ದ ಹೊಲ,
ಪ್ರವೇಶ ಮುನ್ನೂರು ರೂಪಾಯಿ, ಊಟ ಸೇರಿ.

ಆ ವರ್ಷ ನಲವತ್ತೊಂದು ಕಾರು.
ಹಿಂದಿನ ಸೀಟು ಕಿತ್ತು ಮನೆಯ ಜಗುಲಿಗೆ ಹಾಕಿ
ಮಾರುತಿ ಹಗುರ ಮಾಡಿಕೊಂಡು ಬಂದವನು ದಸ್ತಗೀರ.
ಮಾವನ ಕಾರನ್ನು ಮಾವನಿಗೆ ಹೇಳದೆ ತಂದವನು
ಬೆಳ್ಳೂಡಿಯ ಕೊಟ್ರೇಶಿ.
ಹಲ್ಲಿನ ಡಾಕ್ಟರು ಶರ್ವಾಣಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ,
'ಸರ್, ನನ್ನ ಹೆಸರು ಗಂಡಸರ ಪಟ್ಟಿಯಲ್ಲೇ ಬರೀರಿ' ಅಂದಳು.
ಬೇರೆ ಪಟ್ಟಿ ಇರಲೂ ಇಲ್ಲ.
ಮಂಡಕ್ಕಿ ಭಟ್ಟಿಯ ರಸೂಲ್ ಸಾಬರ ಪದ್ಮಿನಿ
ಪ್ರತಿ ತಿರುವಿಗೂ ಡಿಕ್ಕಿಯಿಂದ ಒಂದು ಹಿಡಿ ಮಂಡಕ್ಕಿ ಚೆಲ್ಲುತ್ತಿತ್ತು.
ಕಾಗೆ ಇಳಿದವು.
ಕಾಗೆ ಓಡಿಸಲು ಹತ್ತು ನಿಮಿಷ ಆಟ ನಿಲ್ಲಿಸಿದೆ,
ಅದನ್ನೂ ಬರೆದಿಟ್ಟಿದ್ದೇನೆ, ಷರಾ ಕಾಲಮ್ಮಿನಲ್ಲಿ.

ಮೂರು ಹೆಲ್ಮೆಟ್ಟು, ನಲವತ್ತೊಂದು ತಲೆ.
ಒಬ್ಬನ ಬೆವರು ಆರುವ ಮುಂಚೆ ಇನ್ನೊಬ್ಬನಿಗೆ.
ಸ್ಟಾಪ್‌ವಾಚು ನನ್ನದು, ಪಿ.ಟಿ. ಮೇಷ್ಟ್ರಾಗಿದ್ದಾಗಿನದು,
ಹೆಬ್ಬೆರಳು ಒತ್ತಿದಷ್ಟೇ ನ್ಯಾಯ.

ಮೂರನೇ ವರ್ಷ ಕಲ್ಲೇಶಿಯ ಕಾರು ಮಗುಚಿತು.
ಹೆಗಲೆಲುಬು. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಆಸ್ಪತ್ರೆ.
ದಾರಿಯುದ್ದ ಅವನು ಕೇಳಿದ್ದು ಒಂದೇ: 'ನನ್ನ ಟೈಮೆಷ್ಟ್ರಿ?'
ಅದಕ್ಕೇ, ದೊಡ್ಡ ಸಂಸ್ಥೆಯ ಕಾಗದ ಬಂದಾಗ
ಯಾರೂ ಬೇಡ ಅನ್ನಲಿಲ್ಲ.
ಚಿಗಟೇರಿ ಮಹಾದೇವಪ್ಪನವರು ಮಿರ್ಚಿ ತಿನ್ನುತ್ತಲೇ ಓದಿದರು.
'ರಾಷ್ಟ್ರೀಯ' ಎಂಬಲ್ಲಿ ಬೆರಳೂರಿ
ಇನ್ನೊಮ್ಮೆ ಓದಿದರು.
ಆ ಪದದ ಮೇಲೆ ಇವತ್ತಿಗೂ ಎಣ್ಣೆ ಕಲೆ ಐತಿ.

ಮುಂದಿನ ಪುಟ ಲೆಕ್ಕದ್ದು.
ಪ್ರವೇಶ ಹದಿನೆಂಟು ಸಾವಿರ.
ಲೈಸೆನ್ಸು. ಬೆಂಕಿ ತಡೆಯುವ ಅಂಗಿ, ಬೆಂಕಿ ತಡೆಯುವ ಕಾಲುಚೀಲ ಸಹ.
ತಲೆಗೊಂದೊಂದು ಹೆಲ್ಮೆಟ್ಟು, ಅದಕ್ಕೊಂದು ಮುದ್ರೆ,
ಮುದ್ರೆಗೊಂದು ಕೊನೆಯ ತಾರೀಖು.
ಕಾರಿನೊಳಗೆ ಉಕ್ಕಿನ ಪಂಜರ.

ದಸ್ತಗೀರ ಹದಿನೈದು ರಾತ್ರಿ ಕೂತು ಬೆಸೆದ.
ಪರೀಕ್ಷೆಗೆ ಬಂದವರು ಗೆಣ್ಣಿನಿಂದ ತಟ್ಟಿ ನೋಡಿದರು.
ಗಂಟೆಯ ಹಾಗೆ ನಾದ.
'ಬೆಸುಗೆ ಚೆನ್ನಾಗಿದೆ. ಪೈಪಿನ ಸರ್ಟಿಫಿಕೇಟು?'
'ಮುಚ್ಚಿದ ಹತ್ತಿ ಮಿಲ್ಲಿನ ಪೈಪು ಸಾಹೇಬ್ರೆ,
ಅದರ ಜಾತಕ ಎಲ್ಲಿಂದ ತರ್ಲಿ?'
ಸಾಹೇಬರು ಕೆಟ್ಟವರಲ್ಲ. ಚಹಾ ಕುಡಿದರು,
ಕಾಲಮ್ಮಿನಲ್ಲಿ ಅಡ್ಡಗೀಟು ಎಳೆದರು.

ಹತ್ತೊಂಬತ್ತು ಬಂದವು ಆ ಸಲ. ಮರುವರ್ಷ ಒಂಬತ್ತು.
ಶರ್ವಾಣಿ ಒಂದು ವರ್ಷ ಕಟ್ಟಿದಳು,
ಇನ್ನೊಂದು ವರ್ಷ ಕ್ಲಿನಿಕ್ಕಿನ ಕುರ್ಚಿ ಬದಲಿಸಬೇಕಿತ್ತು.
ರಸೂಲ್ ಸಾಬರು ಮಂಡಕ್ಕಿ ಮಾತ್ರ ಕಳಿಸಿದರು, ಎರಡು ಚೀಲ.
ಒಂಬತ್ತೂ ಲಾರಿ ಮೇಲೆ ಮಲಗಿ ಬಂದವು,
ಕೊಯಮತ್ತೂರಿನಿಂದ, ಪುಣೆಯಿಂದ,
ಚಕ್ರ ನೆಲ ಮುಟ್ಟಿದ್ದು ನಮ್ಮ ಹೊಲದಲ್ಲೇ ಮೊದಲು.
ಸುಳ್ಳು ಹೇಳಬಾರದು: ಎಂಥ ಓಟ!
ಯಾರ ಎಲುಬೂ ಮುರಿಯಲಿಲ್ಲ.
ಆಂಬುಲೆನ್ಸು ಎರಡು, ಡ್ರೈವರುಗಳು ಇಸ್ಪೀಟಾಡಿದರು.
ಸೆಕೆಂಡನ್ನು ಸಾವಿರ ಹೋಳು ಮಾಡುವ ಕಿರಣವೊಂದು
ಗೆರೆಯ ಮೇಲೆ ಕೂತಿತ್ತು.
ನನ್ನ ಸ್ಟಾಪ್‌ವಾಚು ಜೇಬಿನಲ್ಲಿ,
ಅಭ್ಯಾಸಕ್ಕೆ ಒತ್ತಿದೆ, ಯಾರೂ ಕೇಳಲಿಲ್ಲ.

ನಮ್ಮವರೆಲ್ಲ ಹಗ್ಗದ ಈಚೆ.
ಕಿತ್ತಳೆ ಅಂಗಿ, ಊಟದ ಕೂಪನ್ನು, ಕೈಗೊಂದು ಬಾವುಟ.
ನಾಲ್ಕನೇ ತಿರುವಿಗೆ ದಸ್ತಗೀರ, ಹಳದಿ.
ಪುಣೆಯ ಹುಡುಗನ ಕಾರು ದೂಳೆಬ್ಬಿಸಿ ಹಾದಾಗ
ಬಾವುಟ ಮರೆತು ಕಿವಿ ಆ ಕಡೆ ಹೊರಳಿಸಿದ.
'ಮೂರನೇ ಪ್ಲಗ್ಗು ಮೇಷ್ಟ್ರೇ. ಇನ್ನೆರಡು ಸುತ್ತು, ಅಷ್ಟೇ.'

ಎರಡನೇ ಸುತ್ತಿಗೆ ಕಾರು ಕೆಮ್ಮಿ ನಿಂತಿತು,
ಅವನೆದುರೇ, ಹತ್ತು ಮಾರು ಆಚೆ.
ಹಗ್ಗ ದಾಟುವಂತಿಲ್ಲ, ನಿಯಮ.
ದಸ್ತಗೀರ ಹಳದಿ ಬಾವುಟ ಬೀಸಿದ,
ಹೇಳಿಕೊಟ್ಟ ಹಾಗೆ, ಎಡದಿಂದ ಬಲಕ್ಕೆ.
ಇನ್ನೊಂದು ಕೈ ಪ್ಯಾಂಟಿನ ಜೇಬಿನೊಳಗೆ
ಏನನ್ನೋ ಹೊರಳಿಸುತ್ತಿತ್ತು, ನಾನು ನೋಡಿದೆ:
ಕಾಗದ ಸುತ್ತಿದ ಹೊಸ ಪ್ಲಗ್ಗು.