ಊದುಗೊಳವೆ

ಮಿಡಲ್ಸ್‌ಬರೋ ಆಸ್ಪತ್ರೆ, ನೆಲಮಾಳಿಗೆ, ಮೂರನೇ ಬಾಗಿಲು.
ದಿನವಿಡೀ ಇಲ್ಲಿ ನನ್ನದು ಒಂದೇ ಮಾತು:
ಊದಿ, ಊದಿ, ಇನ್ನೂ ಊದಿ, ಬಿಡಬೇಡಿ.

ಇವತ್ತು ಡೆಸ್ಮಂಡ್ ಗಾರ್ಬಟ್. ಐವತ್ತೆಂಟು.
ಮೂಗಿಗೆ ಕ್ಲಿಪ್ಪು, ಬಾಯಲ್ಲಿ ರಟ್ಟಿನ ಕೊಳವೆ.
ಪರದೆಯ ಮೇಲೆ ಅವನ ಗೆರೆ
ಗುಡ್ಡ ಹತ್ತಲು ಹೊರಟು
ಮೊದಲ ತಿರುವಿನಲ್ಲೇ ಕೂತುಬಿಟ್ಟಿತು.

ಸಿಗರೇಟು? ಇಲ್ಲ.
ಉಕ್ಕಿನ ಕಾರ್ಖಾನೆ? ಅಪ್ಪ ಇದ್ದ. ನಾನು ಬಸ್ಸು ಓಡಿಸಿದವನು.
ಫಾರಮ್ಮು ಅಲ್ಲಿಗೆ ಮುಗಿಯಿತು,
ಅವನದು ಮುಗಿದಿರಲಿಲ್ಲ.

"ಹಿಂದಿನ ಕೋಣೆ ನನ್ನದೂ ತಮ್ಮಂದೂ.
ಗೋಡೆ ತುಂಬ ಕಪ್ಪು ಬೂಷ್ಟು, ಥೇಟು ಕುದುರೆ.
ಸೋಮವಾರ ಅಮ್ಮ ಬ್ಲೀಚು ಹಾಕಿ ಒರೆಸಿದರೆ
ಗುರುವಾರದೊಳಗೆ ಮತ್ತೆ ಬಾಲ ಮೂಡುತ್ತಿತ್ತು.
ಗ್ಯಾಸಿನ ಮೀಟರಿಗೆ ನಾಣ್ಯ ಹಾಕಬೇಕು.
ನಾಣ್ಯ ಇದ್ದ ರಾತ್ರಿ ಸ್ನಾನ,
ಇಲ್ಲದ ರಾತ್ರಿ ಕೋಟು ತೊಟ್ಟೇ ನಿದ್ದೆ,
ಕುದುರೆಯ ಕಡೆಗೆ ಮುಖ."

ಕುದುರೆಗೆ ಹೆಸರಿತ್ತೇ ಎಂದೆ.
"ಕ್ಯಾಪ್ಟನ್," ಎಂದು ನಕ್ಕ.
ನಗು ಕೆಮ್ಮಾಯಿತು. ನೀರು ಕೊಟ್ಟೆ.

ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಅನ್ನುತ್ತಾರೆ.
ಬುದ್ಧಿಯ ಮಾತು ಬಿಡಿ,
ನನ್ನದನ್ನು ನಾನೇ ಎಷ್ಟು ಸಲ ಬದಲಾಯಿಸಿಲ್ಲ!
ಶ್ವಾಸಕೋಶಕ್ಕೆ ಆ ಅನುಕೂಲ ಇಲ್ಲ.

ಅವನು ಹೋದ. ಐದು ಗಂಟೆ.
ತಿಂಗಳಿಗೊಮ್ಮೆ ಈ ಯಂತ್ರಕ್ಕೆ ನಾನೇ ಊದುತ್ತೇನೆ,
ಪರೀಕ್ಷೆ ಯಂತ್ರದ್ದೆಂದು ನಂಬಿಕೊಂಡು.
ಇವತ್ತು ನಂಬಿಕೆ ಇಲ್ಲದೆ ಊದಿದೆ.

ಬೆಟಗೇರಿ. ಮಗ್ಗದ ಓಣಿ. ಕಿಟಕಿ ಇಲ್ಲದ ಒಂದೇ ಕೋಣೆ.
ಅವ್ವ ಕಂಡಿಕಿ ಸುತ್ತುವಾಗ
ಒಲೆ ನನ್ನ ಪಾಲು, ಹಸಿ ಜಾಲಿಕಟ್ಟಿಗೆ ನನ್ನ ಪಾಲು.
ಆರು ವರ್ಷದ ಬಾಯಿಗೆ ಕಬ್ಬಿಣದ ಊದುಗೊಳವೆ,
ಹೊಗೆಯ ಆಚೆಯಿಂದ ಅವಳ ದನಿ:
ಊದು, ಊದವ್ವಾ, ಇನ್ನಾ ಊದು, ಬಿಡಬ್ಯಾಡ, ಆರತೈತಿ.

ಪರದೆಯ ಮೇಲೆ ಗೆರೆ ಎದ್ದಿತು.
ಡೆಸ್ಮಂಡನದೇ ಗುಡ್ಡ,
ಅವನಿಗಿಂತ ಎರಡು ತಿರುವು ಮೇಲೆ ನಾನು, ಅಷ್ಟೆ.
ಶೇಕಡಾ ಎಪ್ಪತ್ತೊಂದು.
ಉಳಿದ ಇಪ್ಪತ್ತೊಂಬತ್ತರಲ್ಲಿ
ರೊಟ್ಟಿ ಬೆಂದಿತ್ತು. ತಮ್ಮ ಉಂಡಿದ್ದ, ನಾನೂ ಉಂಡಿದ್ದೆ.
ಯಾರ ಮೇಲೆ ಸಿಟ್ಟಾಗಲಿ?

ಸಿಟ್ಟು ಬಂತು, ಆದರೂ. ಯಾರ ಮೇಲೂ ಅಲ್ಲ,
ಫಾರಮ್ಮಿನ ಮೇಲೆ.
ಡೆಸ್ಮಂಡನ ಹಾಳೆ ತೆಗೆದು, ಅಂಚಿನಲ್ಲಿ,
ಜಾಗ ಇಲ್ಲದಲ್ಲಿ,
ಗೋಡೆ ಎಂದು ಬರೆದೆ. ನಾಣ್ಯ ಎಂದು ಬರೆದೆ.

ಹೊರಗೆ ಬಸ್ಸು ಹೊರಡುವುದರಲ್ಲಿತ್ತು.
ಓಡಲಿಲ್ಲ.
ಇನ್ನೊಂದು ಬರುತ್ತದೆ, ಇಪ್ಪತ್ತು ನಿಮಿಷಕ್ಕೆ.