ಹದ

ಸಂತೆಗೆ ಹೋಗುವವರು ಹೋದರು, ಕಾಫಿ ಕೊಯ್ಲಿಗೆ ಇವತ್ತು ರಜೆ.
ಮೂವರು ಮಕ್ಕಳು, ಎರಡು ರಾಡು, ನಾನು.
ನೆಲ್ಯಹುದಿಕೇರಿಯ ಕೆಳಗೆ ಹೊಳೆ ಮೊಣಕೈ ಮಡಚುವಲ್ಲಿ
ಮರಳು ಗಟ್ಟಿ. ನೀರು ಜನವರಿಯ ನೀರು,
ಅವಸರವಿಲ್ಲ ಅದಕ್ಕೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಮೇಷ್ಟ್ರಲ್ಲ.
ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ.
ಸುಟ್ಟ ಪಂಪು, ಸುಟ್ಟ ಪಲ್ಪರು, ಸುಟ್ಟ ಮಿಕ್ಸಿ;
ಕೂದಲೆಳೆಯಂಥ ತಂತಿಯನ್ನು ಬೆರಳಲ್ಲೇ ಎಣಿಸಬಲ್ಲೆ,
ಅಷ್ಟೇ ನನ್ನ ಓದು.
ಈ ಫೀಡರುಗಳೂ ನಾನೇ ಮಾಡಿದ್ದು,
ಹಳೇ ಜರಡಿಯ ಜಾಲರಿ ಸುರುಳಿ ಸುತ್ತಿ
ಮಗ್ಗುಲಿಗೆ ಸೀಸದ ಪಟ್ಟಿ ಬಿಗಿದು.
"ಇಲಿಬೋನಾ ಅಂಕಲ್?" ಎಂದ ಜೋಯ್ಸನ್.
ಅಲ್ಲ ಮಾರಾಯ. ಊಟದ ಡಬ್ಬಿ. ಮುಚ್ಚಳ ಇಲ್ಲದ್ದು.

ರಾಗಿ ಹಿಟ್ಟು, ತೌಡು, ಕುಟ್ಟಿದ ಕಡಲೆ ಹಿಂಡಿ, ಚೂರು ಬೆಲ್ಲ.
ನೀರು ನಾನೇ ಸುರಿದೆ,
ಸುರಿದು ಕೆಡಿಸಿದೆ.
ಪೊನ್ನು ಉಂಡೆ ಕಟ್ಟಿದಳು, ಅಜ್ಜಿಯ ಕಡಂಬುಟ್ಟಿನಷ್ಟು ನುಣ್ಣಗೆ.
ಎಸೆದೆವು. ಕಾದೆವು. ಸುತ್ತಿ ಎಳೆದರೆ
ತುಂಬಿಸಿದ್ದು ತುಂಬಿದ ಹಾಗೇ ವಾಪಸು,
ಜಿಪುಣನ ಜೇಬು ಮದುವೆಗೆ ಹೋಗಿ ಬಂದ ಹಾಗೆ.

ಅದುವರೆಗೂ ನೀರಿಂದ ಹತ್ತು ಮಾರು ದೂರ
ಅತ್ತಿ ಬೇರಿಗೆ ಬೆನ್ನು ಕೊಟ್ಟು ಕೂತಿದ್ದ ನಸೀಹ
ಅಲ್ಲಿಂದಲೇ ಅಂದಳು:
"ಪುಟ್ಟಿನ ಹಿಟ್ಟಿನ ಹಾಗಿರಬೇಕು.
ಹಿಡಿದರೆ ಉಂಡೆ, ಒತ್ತಿದರೆ ಪುಡಿ."
ಎದ್ದು ಬಂದಳು. ಬೇಸಿನ್ ಎಳೆದುಕೊಂಡಳು.
ಒಣ ತೌಡು ಎರಡು ಹಿಡಿ; ನೀರು, ಬೆರಳ ತುದಿಯಿಂದ ಮಾತ್ರ,
ಮಲಗಿದವರ ಮುಖಕ್ಕೆ ಚಿಮುಕಿಸಿದಷ್ಟು.
ಇಷ್ಟು ವರ್ಷ ನನಗೆ ಬಾಯಲ್ಲಿ ಹೇಳಲು ಬಾರದ್ದು
ಅವಳ ಅಂಗೈಯಲ್ಲಿ ಸುಮ್ಮನೆ ಕೂತಿತ್ತು.

ಆಚೆ ದಡದಲ್ಲಿ ಒಂದು ಗುರುತು ಹಿಡೀರಿ ಎಂದೆ.
ಪೊನ್ನು ಒಂದು ಸಿಲ್ವರ್ ಓಕ್ ಹಿಡಿದಳು. ಜೋಯ್ಸನ್ ಕೊಕ್ಕರೆ ಹಿಡಿದ,
ಅದು ಹಾರಿಹೋಯಿತು.
ಹಾರದ್ದನ್ನು ಹಿಡಿಯೋ.
ಪ್ರತಿ ಸಲವೂ ಅದೇ ಮರ, ಅದೇ ದೂರ,
ದಾರ ಕ್ಲಿಪ್ಪಿಗೆ ತಾಗಿ ನಿಲ್ಲಬೇಕು.
ಇವತ್ತು ಇಲ್ಲಿ, ಇನ್ನೊಂದು ಗಳಿಗೆಗೆ ಅಲ್ಲಿ ಎಲೆ ಹಾಕಿದರೆ
ಯಾರು ಬರುತ್ತಾರೆ ಪಂಕ್ತಿಗೆ?

ಆಮೇಲೆ ರಾಡಿನ ತುದಿ ನೋಡುವುದು.
ನೋಡುವುದು.
ಕಸ ತಾಗಿದರೆ ತೂಗುತ್ತದೆ, ಸೆಳವಿಗೆ ಬಾಗುತ್ತದೆ,
ಮೀನು ಬೇರೆ.
ಹೇಗೆ ಬೇರೆ ಅಂದರೆ
ಶಾಕ್ ಹೊಡೆಸಿಕೊಂಡವನಿಗೆ ಕರೆಂಟಿನ ಪಾಠ ಬೇಡ,
ಹೊಡೆಸಿಕೊಳ್ಳದವನಿಗೆ ಹೇಳಿ ಫಲವಿಲ್ಲ.

ತುದಿಯಿಂದ ಕಣ್ಣು ಕೀಳದೆ ನಸೀಹ ಅಂದಳು:
"ಆ ಮಳೇಲಿ ಹೊಳೆ ನಮ್ಮ ಅಡುಗೆಮನೆಗೆ ಬಂದಿತ್ತು.
ಗೋಡೆ ಬಿತ್ತು. ಉಮ್ಮನ ಪುಟ್ಟುಕುಟ್ಟಿ ತಗೊಂಡು ಹೋಯ್ತು.
ಡಬ್ಬಿ ತುಂಬ ಹಿಟ್ಟಿತ್ತು, ಅದನ್ನೂ."
ಜೋಯ್ಸನ್ ಕೂಡ ಮಾತಾಡಲಿಲ್ಲ.
"ಹಾಗಾಗಿ ಇಲ್ಲಿನ ಮೀನಿಗೆ ರುಚಿ ಗೊತ್ತು."

ಟಕ್.
ತುದಿ ಸುಮ್ಮನಾಯಿತು. ತಾಳು, ಎಂದೆ.
ಮತ್ತೆ ಟಕ್.
ಈಗ ಎನ್ನುವಷ್ಟರಲ್ಲಿ ಎತ್ತಿಯಾಗಿತ್ತು ಅವಳು.

ಅಂಗೈಯಗಲದ ಗೆಂಡೆ.
ಬಾಯಿ ಮುಂದೆ ಚಾಚಿ ಏನೋ ತಕರಾರು ಹೇಳುತ್ತಿತ್ತು.
ಕೈ ಒದ್ದೆ ಮಾಡ್ಕೊ, ಒಣಗೈ ಅದಕ್ಕೆ ಕಾವಲಿ ಇದ್ದ ಹಾಗೆ.
ಗಾಳ ನಾನು ಬಿಡಿಸಿದೆ. ಮೀನು ಅವಳು ಬಿಡಬೇಕು.
ಎರಡೂ ಕೈಯಲ್ಲಿ ಎತ್ತಿಕೊಂಡು ನಡೆದಳು,
ಪಾದ, ಹರಡು, ಲಂಗದ ಅಂಚು.
ಮೊಣಕಾಲವರೆಗೆ ಇಳಿದದ್ದು ಅವಳಿಗೆ ಗೊತ್ತಾಗಲಿಲ್ಲ.
ನಾನೂ ಹೇಳಲಿಲ್ಲ.

ಐದಕ್ಕೆ ಸಾಮಾನು ಕಟ್ಟಿದೆವು.
ಆರರ ಮೇಲೆ ಈ ದಾರಿ ಆನೆಗಳದ್ದು.
ಉಳಿದ ಹಿಟ್ಟನ್ನು ಜೋಯ್ಸನ್ ಒಂದೇ ಸಲ ಹೊಳೆಗೆ ಸುರಿದು
ಬೈಸಿಕೊಂಡ.

ರಾತ್ರಿ ಯಾರದೋ ಪಲ್ಪರ್ ಮೋಟಾರಿಗೆ ತಂತಿ ಸುತ್ತುತ್ತಿದ್ದೆ.
ಎಣಿಕೆ ತಪ್ಪಿತು,
ಎರಡು ಸಲ.