ಅಯ್ಯನಕೆರೆಗೆ, ಮಂಗಳವಾರ

ಈಸ್ಟರ್ ಕಳೆದ ಮೇಲಿನ ಮಂಗಳವಾರ ಅಂತ ಗೊತ್ತು ಮಾಡಿದ್ದೇನೆ.
ಸೋಮವಾರ ಆಗಲ್ಲ, ಅಪ್ಪನಿಗೆ ಶುಗರ್ ಚೆಕಪ್ಪು.
ಬುಧವಾರ ಸಖರಾಯಪಟ್ಟಣದಲ್ಲಿ ಕರೆಂಟಿರಲ್ಲವಂತೆ.
ಕೆರೆಗೂ ಕರೆಂಟಿಗೂ ಏನು ಸಂಬಂಧ, ಅಂತಾನೆ ಅಪ್ಪ.
ಕೆರೆಗಿಲ್ಲ. ಹೋಟೆಲಿನ ಫ್ಯಾನಿಗಿದೆ,
ಹನ್ನೆರಡರ ಮೇಲೆ ಅಮ್ಮ ಅದರ ಕೆಳಗೆ ಕೂರಬೇಕು.

ಹೋದ ಭಾನುವಾರ ಪೂಜೆ ಮುಗಿಸಿ
ಯಾರಿಗೂ ಹೇಳದೆ ಸ್ಕೂಟರಿನಲ್ಲಿ ಹೋಗಿ ಬಂದೆ.
ಏರಿಯ ಮೇಲೆ ಅಮ್ಮನ ಮಂಡಿಯಲ್ಲಿ ನಡೆದೆ,
ಯಾವ ಕಲ್ಲು ಅಲ್ಲಾಡುತ್ತೆ,
ಕೈಗೆ ಆಸರೆ ಎಲ್ಲಿ ಸಿಗುತ್ತೆ.
ಒಂದು ಹೊಂಗೆ ಮರ.
ಅಪ್ಪನ ಜಾಗದಲ್ಲಿ ಸ್ವಲ್ಪ ಹೊತ್ತು ಕೂತೆ,
ಎದ್ದು, ಅಮ್ಮನ ಜಾಗದಲ್ಲಿ ಕೂತೆ.
ಹತ್ತಕ್ಕೆ ನೆರಳು ಇಬ್ಬರಿಗೂ ಸಾಕಾಗಿತ್ತು,
ಹನ್ನೊಂದೂವರೆಗೆ ಒಬ್ಬರಿಗೆ.
ಶಕುನಗಿರಿ ಇದೆ, ದೊಡ್ಡದೇ,
ಅದರ ನೆರಳು ನಮ್ಮ ಉಪಯೋಗಕ್ಕೆ ಬರುವಂಥದ್ದಲ್ಲ.

ಮೀನಿನ ಟೆಂಡರು ಹಿಡಿದವನ ಕಡೆಯ ಹುಡುಗ
ಬಲೆ ಒಣಹಾಕುತ್ತಿದ್ದ. ಗಾಳ ಹಾಕಬಹುದಾ ಅಂದೆ.
"ಗಾಳಕ್ಕೆ ಯಾರು ಕೇಳ್ತಾರಕ್ಕ. ಎಷ್ಟು ಜನ?"
ಇಬ್ಬರು. ಎಪ್ಪತ್ನಾಲ್ಕು, ಅರವತ್ತೊಂಬತ್ತು.
"ಹಂಗಾದ್ರೆ ಮೀನಿಗೇನೂ ಭಯ ಇಲ್ಲ ಬಿಡಿ."

ಅಪ್ಪನ ಹೆಸರು ರಾಯಪ್ಪ,
ಬಲೆ ಬಿಟ್ಟು ಹಿಂದೆ ನಡೆದ ಸಂತನ ಹೆಸರು.
ಇವನೇನೂ ಬಿಡಲಿಲ್ಲ. ಕಾಫಿ ಕ್ಯೂರಿಂಗಿನಲ್ಲಿ ವೈರ್‌ಮ್ಯಾನು,
ರಜೆ ಸಿಕ್ಕರೆ ಸೈಕಲಿಗೆ ಬಿದಿರು ಕಟ್ಟಿ ಹೊರಟುಬಿಡುತ್ತಿದ್ದ.
ಅಮ್ಮನನ್ನು ಒಂದು ಸಲವೂ ಕರಕೊಂಡು ಹೋಗಲಿಲ್ಲ.
"ಇವಳ ಬಾಯಿಗೆ ಕೆರೆ ಮೀನೆಲ್ಲ ಕಡೂರಿಗೆ ಹೋಗ್ತವೆ."
ಅದೇ ಕ್ಯೂರಿಂಗಿನಲ್ಲಿ ಅವಳು ಕಾಳು ಆರಿಸುತ್ತಿದ್ದಳು,
ಕರಿದು, ಒಡಕು, ಹುಳುಕು.
ಸಂಜೆ ಹಿತ್ತಲ ಕಲ್ಲಿನ ಮೇಲೆ ಗೆಂಡೆಯ ಹೊಟ್ಟೆ ಸೀಳುತ್ತ
ಕೆರೆ ತುಂಬಿತ್ತಾ, ಯಾರು ಸಿಕ್ಕಿದ್ರು,
ಗಾಳಿ ಇತ್ತಾ ಅಂತ ಕೇಳುವಳು.
ಹೂಂ, ಅನ್ನುವನು ಅಪ್ಪ. ಎಲ್ಲದಕ್ಕೂ ಅದೊಂದೇ.

ಫ್ರಿಜ್ಜಿನ ಬಾಗಿಲಲ್ಲಿ ಪಟ್ಟಿ ಉದ್ದವಾಗುತ್ತಿದೆ.
ಮಡಚುವ ಕುರ್ಚಿ ಎರಡು, ಜೆಸಿಂತಾಳ ಮನೆಯಿಂದ.
ಮಾತ್ರೆ. ಮೊಸರನ್ನ. ನೀರು ಮೂರು ಬಾಟಲಿ,
ಅಷ್ಟು ನೀರು ಕುಡಿದ ಮೇಲೆ ಎಲ್ಲಿಗೆ ಹೋಗಬೇಕು, ಅದೂ.
ಕೆಳಗೆ ಅಮ್ಮ ಪೆನ್ಸಿಲಿನಲ್ಲಿ ಬರೆದಿದ್ದಾಳೆ:
ಉಪ್ಪು, ಅರಿಶಿನ, ಚಾಕು.
ಮೀನು ಸಿಗುತ್ತೆಂದು ನಂಬಿರುವವಳು ಈ ಮನೆಯಲ್ಲಿ ಅವಳೊಬ್ಬಳೇ.

ನಿನ್ನೆ ಸಂಜೆ ಅಪ್ಪ ಅಟ್ಟದಿಂದ ಬಿದಿರು ಇಳಿಸಿದ.
ಹೊಸ ನೈಲಾನ್ ದಾರ, ಹೊಸ ಕೊಕ್ಕೆ,
ಬೆಂಡಿಗೆ ನವಿಲುಗರಿಯ ದಂಟು.
ತೂಕ ನೋಡಲು ಬಟ್ಟೆ ತೊಟ್ಟಿಯ ನೀರಿಗೆ ಇಳಿಬಿಟ್ಟ.
ನಾನು ಚೇಷ್ಟೆಗೆ ಒಳಗೆ ಕೈ ಹಾಕಿ ಮೆಲ್ಲಗೆ ಜಗ್ಗಿದೆ.
ಬೆಂಡು ಮುಳುಗಿತು.
ಅಪ್ಪ ಸುಮ್ಮನಿದ್ದ.
ಇನ್ನೊಮ್ಮೆ ಜಗ್ಗಿದೆ.
ಅವನು ನೋಡುತ್ತಿದ್ದುದು ಬೆಂಡಿಗಿಂತ ಒಂದು ಗೇಣು ಆಚೆ,
ನೀರಿಗೆ ಬಿದ್ದ ಬಲ್ಬಿನ ಬೆಳಕನ್ನು.
ಎಡಗಣ್ಣಿನ ಪೊರೆ ನಮಗೆಲ್ಲ ಗೊತ್ತಿತ್ತು.
ಬಲಗಣ್ಣಿನದು ಅವನು ಹೇಳಿರಲಿಲ್ಲ.

"ಮುಳುಗ್ತು!"
ಹೊಸಿಲ ಮೇಲಿಂದ ಅಮ್ಮ, ಕೈಯಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ.
ಇಪ್ಪತ್ತೆಂಟು ವರ್ಷ, ಓಡುವ ಬೆಲ್ಟಿನ ಮೇಲೆ
ಒಂದು ಕರಿ ಕಾಳು ತಪ್ಪಿಸಿಕೊಂಡಿಲ್ಲ ಆ ಕಣ್ಣಿಂದ.
ಅಪ್ಪ ಫಕ್ಕನೆ ಬಿದಿರೆತ್ತಿದ.
ಕೊಕ್ಕೆ ನನ್ನ ಬೆರಳಿಗೆ ತಾಗಿತು, ಚೂರು.

ನಲ್ಲಿ ತೊಟ್ಟಿಕ್ಕುತ್ತಿತ್ತು.
ದಾರ ಸುತ್ತುತ್ತ, ಯಾರ ಮುಖವನ್ನೂ ನೋಡದೆ, ಅಪ್ಪ:
"ಅಲ್ಲಿ ಇಷ್ಟು ಜೋರಾಗಿ ಕೂಗಬಾರದು."
"ಮತ್ತೆ ಹೆಂಗೆ ಹೇಳ್ಲಿ?"
"ಹೂಂ ಅನ್ನು. ಸಾಕು."
"ಅದು ನಿಮ್ಮ ಮಾತು. ನಂಗೆ ಬರಲ್ಲ. ಕಲೀಬೇಕು."

ಕುರ್ಚಿಗಳ ನಡುವೆ ಎರಡು ಮಾರು, ಅಂತ ಬರೆದಿದ್ದೆ,
ದಾರ ಯಾರ ಕಾಲಿಗೂ ಸಿಕ್ಕದಿರಲೆಂದು.
ರಾತ್ರಿ ಅದನ್ನು ಹೊಡೆದು, ಒಂದು ಗೇಣು, ಅಂತ ಮಾಡಿದೆ.
ನೆರಳಿಗೂ ಅದೇ ಒಳ್ಳೆಯದು.
ಎರೆಹುಳದ ಡಬ್ಬಿ, ಮುಚ್ಚಳಕ್ಕೆ ತೂತು: ಇದಿನ್ನೂ ಬಾಕಿ.
ದೀಪ ಆರಿಸಿದ ಮೇಲೂ ಅವರ ಕೋಣೆಯಿಂದ ಕೇಳುತ್ತಿತ್ತು.
ಹೂಂ.
ಇನ್ನೂ ಮೆಲ್ಲಗೆ.
ಹೂಂ.